ಒಂದು ಸಲ ತಗೊಂಡವರು ಎರಡನೇ ಸಲ ಯಾಕೆ ಬರುವುದಿಲ್ಲ? ಚಿಕ್ಕಮಗಳೂರಿನ ಅಂಗಡಿಯವನ ಪ್ರಶ್ನೆ

ಐಜಿ ರಸ್ತೆ ಅಂಗಡಿಯವ

ಎಲ್ಲರಿಗೂ ನಮಸ್ಕಾರ. ಚಿಕ್ಕಮಗಳೂರಿನ ಐ.ಜಿ. ರಸ್ತೆ ಕಡೆ ನಮ್ಮದೊಂದು ಸಣ್ಣ ಎಲೆಕ್ಟ್ರಾನಿಕ್ಸ್ ಅಂಗಡಿ ಇದೆ. ಮೊಬೈಲು, ಟಿವಿ, ಇನ್ವರ್ಟರ್, ರೌಟರ್, ಸಿಸಿ ಕ್ಯಾಮೆರಾ, ಜೊತೆಗೆ ಚಾರ್ಜರ್, ಕೇಬಲ್ ಥರದ ಚಿಲ್ಲರೆ ಸಾಮಾನು. ಹೋದ ವರ್ಷ ಒಂದು ವೆಬ್‌ಸೈಟ್ ಮಾಡಿಸಿದೆವು. ವಾಟ್ಸಾಪ್‌ನಲ್ಲೂ ಆರ್ಡರ್ ತಗೊಳ್ಳುತ್ತೇವೆ. ಮೂಡಿಗೆರೆ, ಕೊಪ್ಪ, ಬಾಳೆಹೊನ್ನೂರು, ಕಳಸ, ಆ ಕಡೆ ಬೇಲೂರು, ಸಕಲೇಶಪುರ, ಹಾಸನದಿಂದಲೂ ಆರ್ಡರ್ ಬರುತ್ತವೆ. ಬರುವುದೇನೋ ಬರುತ್ತವೆ, ಆದರೆ ಒಂದು ಸಲ ತಗೊಂಡವರು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಅಂಗಡಿಗೆ ನಡೆದು ಬರುವವರ ಕಥೆ ಬೇರೆ. ಅಪ್ಪ ನಮ್ಮಲ್ಲಿ ರೇಡಿಯೋ ತಗೊಂಡಿದ್ದರೆ ಮಗ ನಮ್ಮಲ್ಲೇ ಫೋನ್ ತಗೊಳ್ಳುತ್ತಾನೆ. ಆನ್‌ಲೈನ್‌ನವರು ಹಾಗಲ್ಲ.

ಕೂಪನ್ ಕೊಟ್ಟು ನೋಡಿದೆವು. ಪಾಯಿಂಟ್ಸ್ ಅಂತ ಮಾಡಿ ನೋಡಿದೆವು. ಹಬ್ಬಕ್ಕೆ ಮೆಸೇಜ್ ಕಳಿಸಿದೆವು, ಅದನ್ನು ನೋಡಿ ಬ್ಲಾಕ್ ಮಾಡಿದವರೇ ಜಾಸ್ತಿ ಅಂತ ಕಾಣುತ್ತದೆ. ರೇಟಿನಲ್ಲಿ ದೊಡ್ಡ ಕಂಪನಿಗಳ ಜೊತೆ ನಮ್ಮಂಥವರು ಗುದ್ದಾಡುವುದಕ್ಕೆ ಆಗುವುದಿಲ್ಲ. ಅವರ ದಸರಾ, ದೀಪಾವಳಿ ಸೇಲ್ ರೇಟು ಕೆಲವು ಸಲ ನಮಗೆ ಡಿಸ್ಟ್ರಿಬ್ಯೂಟರ್ ಕೊಡುವ ರೇಟಿಗಿಂತ ಕಮ್ಮಿ ಇರುತ್ತದೆ, ಏನು ಮಾಡೋಣ ಹೇಳಿ. ಹಾಗಾಗಿ ‘ರೇಟ್ ಇಳಿಸಿ’ ಅನ್ನುವುದೊಂದನ್ನು ಬಿಟ್ಟು ಬೇರೆ ಏನಾದರೂ ಹೇಳಿ. ನೀವು ಯಾವುದಾದರೂ ಆನ್‌ಲೈನ್ ಅಂಗಡಿಗೆ ಎರಡನೇ ಸಲ, ಮೂರನೇ ಸಲ ಹೋಗಿದ್ದರೆ ಯಾಕೆ ಹೋದಿರಿ? ಹೋಗದೆ ಬಿಟ್ಟಿದ್ದರೆ ಯಾಕೆ ಬಿಟ್ಟಿರಿ? ಬೈದರೂ ಪರವಾಗಿಲ್ಲ, ನಿಜ ಹೇಳಿ.

ಕಮ್ಮಿ ರೇಟು, ಹಾಸನ

ಬೇಡ ಅಂದರೂ ಅದನ್ನೇ ಹೇಳುತ್ತೇನೆ. ರೇಟು.

ಅದೇ ಮಾಡೆಲ್, ಅದೇ ಸೀಲ್, ಅದೇ ಕಂಪನಿ ವಾರಂಟಿ. ಕಾರ್ಡ್ ಆಫರ್, ಎಕ್ಸ್‌ಚೇಂಜ್ ಎಲ್ಲ ಸೇರಿಸಿ ಎಲ್ಲಿ ಕಮ್ಮಿ ಬೀಳುತ್ತದೋ ಅಲ್ಲಿ ಒತ್ತುತ್ತೇನೆ. ನಿಯತ್ತು ಗಿಯತ್ತು ಫೋನ್ ವಿಷಯದಲ್ಲಿ ನನಗಿಲ್ಲ. ಆದರೆ ಚಾರ್ಜರ್, ಪವರ್ ಬ್ಯಾಂಕ್, ಮೆಮೊರಿ ಕಾರ್ಡ್ ಮಾತ್ರ ಒಂದೇ ಕಡೆ ತಗೊಳ್ಳುತ್ತೇನೆ, ಹತ್ತಿಪ್ಪತ್ತು ರೂಪಾಯಿ ಜಾಸ್ತಿ ಆದರೂ ಸರಿ. ಡೂಪ್ಲಿಕೇಟ್ ಭಯ ಸಾರ್. ಮೆಮೊರಿ ಕಾರ್ಡ್ ಮೇಲೆ 128 ಜಿಬಿ ಅಂತ ಬರೆದಿರುತ್ತದೆ, ಫೋನಿಗೆ ಹಾಕಿದರೂ 128 ಅಂತಲೇ ತೋರಿಸುತ್ತದೆ. ಒಳಗಿರುವ ಚಿಪ್ 8 ಜಿಬಿದು. ಅಷ್ಟು ತುಂಬಿದ ಮೇಲೆ ಹಾಕಿದ ಫೋಟೋ ಒಂದೂ ತೆಗೆಯುವುದಕ್ಕೆ ಬರುವುದಿಲ್ಲ. ಮದುವೆ ಫೋಟೋ ಹಾಗೆ ಹೋದರೆ ಯಾರನ್ನು ಹಿಡಿಯುವುದು? ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಎಲ್ಲೋ ಇರಬಹುದು, ಯೋಚನೆ ಮಾಡಿ.

ಮೂಡಿಗೆರೆ ಹೋಂಸ್ಟೇ

ನಾನು ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಮಳೆ ಹೊಡೆಯುತ್ತಿದೆ, ಬೇರೆ ಕೆಲಸ ಇಲ್ಲ.

ಮೇಲಿನವರು ಹಾಸನ ಪಟ್ಟಣದಲ್ಲಿ ಇರುವವರು, ಅವರ ಬಾಗಿಲಿಗೆ ಯಾರು ಬೇಕಾದರೂ ತಂದು ಕೊಡುತ್ತಾರೆ. ನಮ್ಮದು ತೋಟದ ಮನೆ. ಅಡ್ರೆಸ್ ಅಂದರೆ ಎಸ್ಟೇಟ್ ಹೆಸರು, ಅಂಚೆ, ಹೋಬಳಿ, ಪಿನ್‌ಕೋಡ್. ಮನೆ ನಂಬರ್ ಇಲ್ಲ. ಬೆಳಿಗ್ಗೆ ‘ಔಟ್ ಫಾರ್ ಡೆಲಿವರಿ’ ಅಂತ ಬರುತ್ತದೆ, ಸಂಜೆ ‘ಗ್ರಾಹಕರು ಸಿಗಲಿಲ್ಲ’ ಅಂತ ಬರುತ್ತದೆ. ಡೆಲಿವರಿ ಹುಡುಗ ಫೋನ್ ಮಾಡಿರುತ್ತಾನೆ, ಪಾಪ, ನಮ್ಮಲ್ಲಿ ನೆಟ್‌ವರ್ಕ್ ಇರುವುದು ಕಣದ ಹತ್ತಿರ ಮಾತ್ರ. ಓಟಿಪಿ ಹೇಳಿದರೆ ಮಾತ್ರ ಪಾರ್ಸೆಲ್ ಅನ್ನುತ್ತಾರೆ. ಅವನು ಗೇಟಿನಲ್ಲಿ ನಿಂತಿರುತ್ತಾನೆ, ಓಟಿಪಿ ಕಣದಲ್ಲಿ ಬರುತ್ತದೆ, ನಾನು ಮಧ್ಯದಲ್ಲಿ ಓಡುತ್ತಿರುತ್ತೇನೆ. ಇನ್ನು ಸಾಮಾನು ಕೆಟ್ಟಿದೆ, ವಾಪಸ್ ತಗೊಳ್ಳಿ ಅಂದರೆ ‘ನಿಮ್ಮ ಪಿನ್‌ಕೋಡ್‌ಗೆ ಪಿಕಪ್ ಇಲ್ಲ, ನೀವೇ ಕೊರಿಯರ್ ಮಾಡಿ’ ಅನ್ನುತ್ತಾರೆ. ತಂದು ಕೊಡುವುದಕ್ಕೆ ಪಿನ್‌ಕೋಡ್ ಇದೆ, ತಗೊಂಡು ಹೋಗುವುದಕ್ಕೆ ಇಲ್ಲ!

ಈಗ ನಾನು ಮತ್ತೆ ಮತ್ತೆ ಹೋಗುವ ಅಂಗಡಿ ಬಗ್ಗೆ. ಬೆಂಗಳೂರಿನದು, ಸಣ್ಣದು, ಸಿಸಿ ಕ್ಯಾಮೆರಾ ಮತ್ತು ನೆಟ್‌ವರ್ಕ್ ಸಾಮಾನು ಮಾರುತ್ತಾರೆ. ನಮ್ಮ ಕಡೆ ಆನೆ ಕಾಟ ಗೊತ್ತಲ್ಲ, ಅದಕ್ಕೇ ಗೇಟಿಗೊಂದು ಕ್ಯಾಮೆರಾ ಬೇಕಿತ್ತು. ವೆಬ್‌ಸೈಟ್‌ನಲ್ಲಿ ಆರ್ಡರ್ ಹಾಕಿದೆ, ದುಡ್ಡೂ ಕಟ್ಟಿದೆ. ಆವತ್ತೇ ಅವರಿಂದ ಮೆಸೇಜ್ ಬಂತು. ಮನೆಯಿಂದ ಗೇಟಿಗೆ ಎಷ್ಟು ದೂರ ಅಂತ. ಸುಮಾರು ಕಾಲು ಕಿಲೋಮೀಟರ್ ಅಂದೆ. ಹಾಗಾದರೆ ಇದನ್ನು ತಗೊಳ್ಳಬೇಡಿ, ಈ ನೆಟ್‌ವರ್ಕ್ ಕೇಬಲ್ 100 ಮೀಟರ್‌ವರೆಗೆ ಮಾತ್ರ ಸರಿ, ಆಮೇಲೆ ಸಿಗ್ನಲ್ ನಿಲ್ಲುವುದಿಲ್ಲ ಅಂದರು. ಸಿಮ್ ಹಾಕುವ ಕ್ಯಾಮೆರಾ ಕೊಡಿ ಅಂದೆ. ಗೇಟಿನಲ್ಲಿ ನೆಟ್‌ವರ್ಕ್ ಇದೆಯಾ ಅಂತ ಕೇಳಿದರು. ಇಲ್ಲ. ವೈರ್‌ಲೆಸ್ ಬ್ರಿಜ್ ಅಂತ ಒಂದಿದೆ, ಎರಡು ಡಬ್ಬ ಎದುರುಬದುರು ಕೂರಿಸುವುದು, ಆದರೆ ಮಧ್ಯೆ ಮರ ಇರಬಾರದು ಅಂದರು. ಕಾಫಿ ತೋಟದಲ್ಲಿ ಸಿಲ್ವರ್ ಓಕ್ ಇಲ್ಲದ ಜಾಗ ಎಲ್ಲಿಂದ ತರುವುದು? ಕೊನೆಗೆ ಫೈಬರ್, ಅಂದರೆ ಬೆಳಕಿನಲ್ಲಿ ಸಿಗ್ನಲ್ ಸಾಗಿಸುವ ಗಾಜಿನ ಎಳೆಯ ಕೇಬಲ್, ಅದನ್ನು ಎಳೆದು ಎರಡೂ ತುದಿಗೆ ಆ ಬೆಳಕನ್ನು ಮಾಮೂಲಿ ನೆಟ್‌ವರ್ಕ್ ಸಿಗ್ನಲ್‌ಗೆ ಬದಲಾಯಿಸುವ ಕನ್ವರ್ಟರ್ ಹಾಕಿ ಅಂದರು. ಫೈಬರ್‌ನಲ್ಲಿ ತಾಮ್ರ ಇಲ್ಲ, ಗೇಟಿನ ಹತ್ತಿರ ಸಿಡಿಲು ಹೊಡೆದರೂ ಆ ತಂತಿ ಹಿಡಿದು ಮನೆ ಒಳಗೆ ಬರುವುದಿಲ್ಲ, ಅದೊಂದು ಲಾಭ ಅಂತಲೂ ಹೇಳಿದರು. ಕಟ್ಟಿದ ದುಡ್ಡು ಕೇಳದೆಯೇ ವಾಪಸ್ ಹಾಕಿದರು. ಫೈಬರ್ ಅವರ ಹತ್ತಿರ ಇರಲಿಲ್ಲ, ಬೇರೆ ಕಡೆ ತಗೊಳ್ಳಿ ಅಂದರು.

ಅಲ್ಲಿಂದ ಈಚೆಗೆ ನಾನು ರೌಟರ್, ಕ್ಯಾಮೆರಾ, ಸ್ವಿಚ್, ಏನೇ ಬೇಕಾದರೂ ಮೊದಲು ಅವರನ್ನೇ ಕೇಳುವುದು. ಅಕ್ಕಪಕ್ಕದ ತೋಟದವರಿಗೂ ಅವರ ನಂಬರೇ ಕೊಡುವುದು. ಅವರ ರೇಟು ಕಮ್ಮಿಯೇನಲ್ಲ. ಕೂಪನ್ ಅಂತೂ ಕೊಟ್ಟೇ ಇಲ್ಲ.

ಐಜಿ ರಸ್ತೆ ಅಂಗಡಿಯವ

ಇದನ್ನು ಓದಿ ಖುಷಿಯಾಯಿತು. ಆದರೆ ವ್ಯಾಪಾರದ ಕಡೆಯಿಂದಲೂ ಒಂದು ಮಾತು ಹೇಳಬೇಕು. ಮೊಬೈಲಿನಲ್ಲಿ ಮಾರ್ಜಿನ್ ಅಷ್ಟಕ್ಕಷ್ಟೆ. ಒಂದು ಫೋನ್ ವಾಪಸ್ ಬಂದರೆ ಹೋಗುವ ಸಾಗಣೆ, ಬರುವ ಸಾಗಣೆ ಎರಡೂ ನಮ್ಮ ತಲೆ ಮೇಲೆ. ಸೀಲ್ ಒಡೆದ ಫೋನನ್ನು ಹೊಸದು ಅಂತ ಮತ್ತೆ ಮಾರುವ ಹಾಗಿಲ್ಲ. ಎಲ್ಲರಿಗೂ ಕೂತು ಅಷ್ಟು ಹೊತ್ತು ಮಾತಾಡುವುದಕ್ಕೆ ಜನವೂ ಬೇಕಲ್ಲ?

ಸಾಲ್ಡರಿಂಗ್ ಐರನ್, ಹಾಸನ

ನಾನು ರಿಪೇರಿ ಮಾಡುವವನು. ಟಿವಿ, ಇನ್ವರ್ಟರ್, ಸ್ಟೆಬಿಲೈಜರ್. ಜನ ಆನ್‌ಲೈನ್‌ನಲ್ಲಿ ತಗೊಂಡು ಅದು ಕೆಟ್ಟ ಮೇಲೆ ನನ್ನ ಹತ್ತಿರ ಬರುತ್ತಾರೆ, ಹಾಗಾಗಿ ಯಾರು ಮತ್ತೆ ಎಲ್ಲಿಗೆ ಹೋಗುತ್ತಾರೆ ಅನ್ನುವುದು ನನಗೆ ಚೆನ್ನಾಗಿ ಕಾಣುತ್ತದೆ.

ಮೊದಲನೆಯದು, ನೀವು ಲೆಕ್ಕ ಹಾಕುವ ರೀತಿಯೇ ಸರಿ ಇಲ್ಲ ಅನ್ನಿಸುತ್ತದೆ. ಟಿವಿ ತಗೊಂಡವನು ಮುಂದಿನ ವರ್ಷ ಇನ್ನೊಂದು ಟಿವಿಗೆ ಬರುತ್ತಾನೆಯೇ? ಫ್ರಿಜ್ ತಗೊಂಡವಳು? ಇದೇನು ದಿನಸಿ ಅಂಗಡಿಯಾ ತಿಂಗಳು ತಿಂಗಳು ಬರುವುದಕ್ಕೆ? ದೊಡ್ಡ ಸಾಮಾನಿನಲ್ಲಿ ಅದೇ ಮನುಷ್ಯ ಮತ್ತೆ ಬರಲಿ ಅಂತ ಕಾದರೆ ನೀವು ಮುದುಕರಾಗುತ್ತೀರಿ. ಅವನ ತಂಗಿ ಬಂದಳಾ, ಎದುರು ಮನೆಯವರು ಬಂದರಾ, ಅವನೇ ಒಂದು ರಿಮೋಟಿಗೆ, ವಾಲ್ ಮೌಂಟಿಗೆ, ಎಚ್‌ಡಿಎಂಐ ಕೇಬಲಿಗೆ ಬಂದನಾ ಅಂತ ನೋಡಿ. ಸಣ್ಣ ಸಾಮಾನಿಗೆ ಬರುವವನು ದೊಡ್ಡದಕ್ಕೂ ಒಂದು ದಿನ ಬರುತ್ತಾನೆ.

ಎರಡನೆಯದು ಬಿಲ್ಲು. ಇದನ್ನು ಯಾರೂ ತಲೆಗೆ ಹಾಕಿಕೊಳ್ಳುವುದಿಲ್ಲ. ಕಂಪನಿ ಸರ್ವಿಸ್ ಸೆಂಟರ್‌ಗೆ ಹೋದರೆ ಮೊದಲು ಕೇಳುವುದು ಬಿಲ್. ಹೆಚ್ಚಿನ ಕಡೆ ವಾರಂಟಿ ಶುರುವಾಗುವುದು ಬಿಲ್ ತಾರೀಖಿನಿಂದ. ಬಿಲ್‌ನಲ್ಲಿ ಸೀರಿಯಲ್ ನಂಬರ್ ಇಲ್ಲ, ಅಥವಾ ಫೋನ್ ಆದರೆ ಐಎಂಇಐ (ಪ್ರತಿ ಫೋನಿಗೂ ಇರುವ ಬೇರೆ ಬೇರೆ ಗುರುತಿನ ನಂಬರ್) ಇಲ್ಲ, ಅಥವಾ ಬಾಕ್ಸ್ ಮೇಲಿನ ನಂಬರೇ ಬೇರೆ, ಅಲ್ಲಿಂದ ತಕರಾರು ಶುರು. ಎಷ್ಟೋ ಜನ ಬಿಲ್ ಎಲ್ಲಿಟ್ಟಿದ್ದಾರೆ ಅಂತ ಅವರಿಗೇ ಗೊತ್ತಿರುವುದಿಲ್ಲ. ಎರಡು ವರ್ಷ ಆದ ಮೇಲೆ ಫೋನ್ ಮಾಡಿ ‘ಸಾರ್ ನನ್ನ ಬಿಲ್ ಸಿಗುತ್ತಾ’ ಅಂದಾಗ, ಆಗಲೇ ವಾಟ್ಸಾಪ್‌ನಲ್ಲಿ ಪಿಡಿಎಫ್ ಕಳಿಸುವ ಅಂಗಡಿಯವನನ್ನು ಜನ ಬಿಡುವುದಿಲ್ಲ. ಇದಕ್ಕೆ ಖರ್ಚು ಏನೂ ಇಲ್ಲ. ಬಿಲ್ ಮಾಡುವಾಗ ಸೀರಿಯಲ್ ನಂಬರ್ ಹಾಕಿ, ಫೋನ್ ನಂಬರಿನ ಮೇಲೆ ಹುಡುಕಿದರೆ ಸಿಗುವ ಹಾಗೆ ಇಟ್ಟುಕೊಳ್ಳಿ. ಇನ್ವರ್ಟರ್ ಬ್ಯಾಟರಿ ಆದರೆ ಇನ್ನೂ ಮುಖ್ಯ. ಅದರ ವಾರಂಟಿ ಎರಡು ತುಂಡು. ಮೊದಲ ಭಾಗದಲ್ಲಿ ಕೆಟ್ಟರೆ ಹೊಸದು, ಎರಡನೇ ಭಾಗದಲ್ಲಿ ಕೆಟ್ಟರೆ ಹೊಸ ಬ್ಯಾಟರಿಗೆ ಇಷ್ಟು ಪರ್ಸೆಂಟ್ ರಿಯಾಯಿತಿ ಮಾತ್ರ. ಮಾರುವಾಗ ಎಲ್ಲ ಸೇರಿಸಿ ‘ಐದು ವರ್ಷ ವಾರಂಟಿ’ ಅಂತ ಹೇಳುವುದು, ನಾಲ್ಕನೇ ವರ್ಷ ಗಿರಾಕಿ ಬಂದಾಗ ಕಾರ್ಡ್ ತೋರಿಸಿ ಹಿಂಭಾಗ ಓದಿ ಅನ್ನುವುದು. ಹಾಗಾದಾಗ ಅವನು ಬ್ಯಾಟರಿ ಕಂಪನಿಗೆ ಬೈಯುವುದಿಲ್ಲ, ಮಾರಿದವನಿಗೆ ಬೈಯುತ್ತಾನೆ.

ಮೂರನೆಯದು ಸಿಡಿಲು. ಏಪ್ರಿಲ್ ಮೇ ಗುಡುಗು ಮಳೆ ಶುರುವಾದರೆ ನನಗೆ ಸುಗ್ಗಿ. ನಿಮ್ಮ ಕಡೆ ಮೆಸ್ಕಾಂ, ನಮ್ಮ ಕಡೆ ಚೆಸ್ಕಾಂ, ಲೈನ್ ಯಾವುದಾದರೇನು, ಸಿಡಿಲಿಗೆ ಭೇದ ಇಲ್ಲ. ಟಿವಿ ಬೋರ್ಡ್, ಸೆಟ್‌ಟಾಪ್ ಬಾಕ್ಸ್, ರೌಟರ್ ಸಾಲಾಗಿ ಬರುತ್ತವೆ. ಬಂದವರೆಲ್ಲ ಹೇಳುವುದು ಒಂದೇ, ‘ಸ್ಟೆಬಿಲೈಜರ್ ಇತ್ತಲ್ಲ, ಆನ್‌ಲೈನ್‌ನವರು ಟಿವಿ ಜೊತೆಗೇ ಮಾರಿದರು’. ಸ್ಟೆಬಿಲೈಜರ್ ಇರುವುದು ವೋಲ್ಟೇಜ್ ಏರಿಳಿತಕ್ಕೆ. ಸಿಡಿಲು ತಡೆಯುವುದು ಅದರ ಕೆಲಸ ಅಲ್ಲ. ಪ್ಲಗ್ ಕಿತ್ತಿಡಬೇಕು, ಡಿಶ್ ಕೇಬಲ್ಲೂ ಕಿತ್ತಿಡಬೇಕು, ಅರ್ಥಿಂಗ್ ಸರಿ ಇರಬೇಕು. ಸಿಡಿಲಿಗೆ ಹೋದದ್ದು ಸಾಮಾನ್ಯವಾಗಿ ವಾರಂಟಿಯಲ್ಲಿ ಬರುವುದಿಲ್ಲ. ಈಗಿನ ಬಹಳ ಟಿವಿಗಳಿಗೆ 100ರಿಂದ 240 ವೋಲ್ಟ್‌ವರೆಗೆ ತಾನೇ ಸಂಭಾಳಿಸುವ ಪವರ್ ಸಪ್ಲೈ ಇರುತ್ತದೆ, ಹಿಂಭಾಗದ ಲೇಬಲ್‌ನಲ್ಲಿ ಬರೆದೇ ಇರುತ್ತದೆ. ಅಂಥವರಿಗೆ ಸ್ಟೆಬಿಲೈಜರ್ ಮಾರುವ ಬದಲು ದಿಢೀರ್ ವೋಲ್ಟೇಜ್ ಹೊಡೆತ ತಗ್ಗಿಸುವ ಒಂದು ಒಳ್ಳೆ ಸರ್ಜ್ ಪ್ರೊಟೆಕ್ಟರ್ ಕೊಟ್ಟು, ಗುಡುಗು ಬಂದಾಗ ಪ್ಲಗ್ ಕೀಳಿ ಅಂತ ಕನ್ನಡದಲ್ಲಿ ಒಂದು ಚೀಟಿ ಹಾಕಿ. ಆ ಚೀಟಿ ಟಿವಿ ಹಿಂದೆ ಅಂಟಿಸಿಕೊಂಡವರನ್ನು ನಾನು ನೋಡಿದ್ದೇನೆ. ಚೀಟಿ ಮೇಲೆ ಅಂಗಡಿ ನಂಬರ್ ಇತ್ತು!

ಬಾಕಿ ಹೇಳುವುದಾದರೆ, ಚಾರ್ಜರ್, ಪವರ್ ಬ್ಯಾಂಕ್ ಮೇಲೆ ಬಿಐಎಸ್ (ಸರ್ಕಾರದ ಗುಣಮಟ್ಟ ಸಂಸ್ಥೆ) ಗುರುತಿನ ಜೊತೆ ‘ಆರ್’ ಅಂತ ಶುರುವಾಗುವ ನಂಬರ್ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ನಂಬರ್ ಹಾಕಿದರೆ ಯಾವ ಕಂಪನಿ, ಯಾವ ಸಾಮಾನು ಅಂತ ಬರುತ್ತದೆ. ಆ ನಂಬರಿನ ಫೋಟೋವನ್ನೇ ವೆಬ್‌ಸೈಟಿಗೆ ಹಾಕಿ. ಕಮ್ಮಿ ರೇಟು ಸಾಹೇಬರ ಥರದವರು ಅಲ್ಲೇ ಬೀಳುತ್ತಾರೆ.

ಕಮ್ಮಿ ರೇಟು, ಹಾಸನ

ಬಿದ್ದೆ ಸಾರ್ 😄

ಪಾರ್ಸೆಲ್ ಲೆಕ್ಕ

ಕೊರಿಯರ್ ಹಬ್‌ನಲ್ಲಿ ಕೆಲಸ ಮಾಡಿದವನು ನಾನು. ಯಾವ ಕಂಪನಿ ಅಂತ ಬೇಡ.

ಅಂಗಡಿಯವರೇ, ನಿಮ್ಮ ಗಿರಾಕಿಗೆ ನಿಮ್ಮ ಮೇಲೆ ನಂಬಿಕೆ ಬಂತಾ ಇಲ್ಲವಾ ಅಂತ ತಿಳಿಯುವುದಕ್ಕೆ ಸುಲಭದ ದಾರಿ ಇದೆ. ಮೊದಲನೇ ಸಲ ಕ್ಯಾಶ್ ಆನ್ ಡೆಲಿವರಿ ಹಾಕಿದವನು ಎರಡನೇ ಸಲ ಮುಂಚೆಯೇ ಯುಪಿಐ ಮಾಡಿದನಾ ನೋಡಿ. ಮಾಡಿದರೆ ಅವನು ನಿಮ್ಮವನು. ಇನ್ನೂ ಕ್ಯಾಶ್ ಅಂತಲೇ ಇದ್ದರೆ ಅವನಿಗೆ ಇನ್ನೂ ಅನುಮಾನ ಇದೆ ಅಂತ. ಕ್ಯಾಶ್ ಪಾರ್ಸೆಲ್‌ಗಳಲ್ಲೇ ‘ಬೇಡ’ ಅಂತ ವಾಪಸ್ ಬರುವುದು ಜಾಸ್ತಿ. ಅದಕ್ಕೆ ನಾವು ಆರ್‌ಟಿಓ ಅನ್ನುತ್ತೇವೆ, ‘ರಿಟರ್ನ್ ಟು ಒರಿಜಿನ್’ ಅಂತ, ವಾಹನದ ಆರ್‌ಟಿಓ ಅಲ್ಲ. ಎರಡು ಕಡೆ ಸಾಗಣೆ ಮಾರುವವನಿಗೇ ಬೀಳುತ್ತದೆ. ಅಂಥ ಪಾರ್ಸೆಲ್ ಎಷ್ಟೋ ಸಲ ಗಿರಾಕಿ ಮನಸ್ಸು ಬದಲಾಯಿಸಿದ್ದರಿಂದ ವಾಪಸ್ ಹೋಗುವುದಲ್ಲ. ಹೇಳಿದ ದಿನ ಬರಲಿಲ್ಲ, ಯಾರೂ ಫೋನ್ ಮಾಡಲಿಲ್ಲ, ಅಷ್ಟರಲ್ಲಿ ಅವನು ಪೇಟೆಗೆ ಬಂದಾಗ ಬೇರೆ ಅಂಗಡಿಯಲ್ಲಿ ತಗೊಂಡು ಬಿಟ್ಟ.

ಪವರ್ ಬ್ಯಾಂಕ್, ಲಿಥಿಯಂ ಬ್ಯಾಟರಿ ಸಾಮಾನು ವಿಮಾನದಲ್ಲಿ ಸಲೀಸಾಗಿ ಹೋಗುವುದಿಲ್ಲ, ಹೆಚ್ಚಾಗಿ ರಸ್ತೆ ಮೇಲೇ ಬರುತ್ತದೆ. ಅದಕ್ಕೆ ಎರಡು ದಿನ ಜಾಸ್ತಿ ಅಂತ ಮೊದಲೇ ಬರೆಯಿರಿ. ನಾಳೆ ಬರುತ್ತದೆ ಅಂತ ಹೇಳಿ ಗುರುವಾರ ಕೊಡುವುದಕ್ಕಿಂತ, ಶುಕ್ರವಾರ ಅಂತ ಹೇಳಿ ಗುರುವಾರ ಕೊಡಿ.

ಮಳೆಗಾಲದಲ್ಲಿ ನಿಮ್ಮ ಪಾರ್ಸೆಲ್ ಹಬ್‌ನ ನೆಲದ ಮೇಲೆ, ಪಿಕಪ್ ಗಾಡಿಯ ಹಿಂದೆ, ಬೈಕಿನ ಚೀಲದಲ್ಲಿ ನೆನೆಯುತ್ತದೆ. ರಟ್ಟಿನ ಡಬ್ಬ ಸಾಲದು, ಒಳಗೆ ಪ್ಲಾಸ್ಟಿಕ್ ಚೀಲ ಹಾಕಿ ಬಾಯಿಗೆ ಟೇಪ್ ಹೊಡೆಯಿರಿ, ಎರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಕ್ಯಾಮೆರಾ, ಲೆನ್ಸ್ ಆದರೆ ಮಲೆನಾಡಿನ ತೇವಕ್ಕೆ ಬೂಷ್ಟು ಹಿಡಿಯುತ್ತದೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಹೋಂಸ್ಟೇಯವರ ಓಟಿಪಿ ಕಥೆಗೆ ಒಂದು ಸಲಹೆ. ದೊಡ್ಡ ಕಂಪನಿ ಬಗ್ಗಲಾರದ ಜಾಗ ಅದು, ನೀವು ಬಗ್ಗಬಹುದು. ಕೆಎಸ್‌ಆರ್‌ಟಿಸಿಯದೇ ‘ನಮ್ಮ ಕಾರ್ಗೋ’ ಇದೆ, 2021ರಲ್ಲಿ ಶುರುವಾದದ್ದು, ಬಸ್ಸಿನಲ್ಲೇ ಪಾರ್ಸೆಲ್ ಕಳಿಸುವ ವ್ಯವಸ್ಥೆ. ಬಸ್ ಸ್ಟ್ಯಾಂಡಿಗೆ ಹಾಕುತ್ತೇನೆ, ಪೇಟೆಗೆ ಬಂದಾಗ ತಗೊಳ್ಳುತ್ತೀರಾ ಅಂತ ಕೇಳಿ ನೋಡಿ. ಸಂತೆ ದಿನ ಹೇಗೂ ಬರುವವರು ಅವರು. ಎಷ್ಟೋ ತೋಟದವರಿಗೆ ಮನೆ ಬಾಗಿಲ ಡೆಲಿವರಿಗಿಂತ ಇದೇ ಅನುಕೂಲ.

ಬೇಲೂರು ವರ್ಕ್ ಫ್ರಂ ಹೋಮ್

ಪ್ರೊಫೈಲ್‌ನಲ್ಲಿ ನಿಮ್ಮ ವೆಬ್‌ಸೈಟ್ ಲಿಂಕ್ ಇತ್ತು, ಹೋಗಿ ನೋಡಿ ಬಂದೆ. ಬೈದರೂ ಪರವಾಗಿಲ್ಲ ಅಂದಿದ್ದೀರಿ, ಹಾಗಾಗಿ ಹೇಳುತ್ತೇನೆ.

ಎಲ್ಲ ಸಾಮಾನಿನ ಕೆಳಗೂ ‘2 ಮಾತ್ರ ಉಳಿದಿದೆ’ ಅಂತ ಇದೆ. ಕೇಬಲ್‌ಗೂ ಎರಡೇ, ಟಿವಿಗೂ ಎರಡೇ. ಆಫರ್ ಮುಗಿಯುವುದಕ್ಕೆ ಗಡಿಯಾರ ಓಡುತ್ತಿರುತ್ತದೆ, ಪೇಜ್ ರಿಫ್ರೆಶ್ ಮಾಡಿದರೆ ಮತ್ತೆ ಮೊದಲಿಂದ ಶುರು. ಕಾರ್ಟಿಗೆ ಹಾಕಿದರೆ ಎಕ್ಸ್‌ಟೆಂಡೆಡ್ ವಾರಂಟಿ ತಾನಾಗಿಯೇ ಟಿಕ್ ಆಗಿ ಕೂತಿರುತ್ತದೆ, ನಾನೇ ತೆಗೆಯಬೇಕು. ಯಾರಿಗೂ ಗೊತ್ತಾಗುವುದಿಲ್ಲ ಅಂದುಕೊಂಡಿದ್ದೀರಾ? ನಮ್ಮ ಅಮ್ಮನಿಗೂ ಗೊತ್ತಾಗುತ್ತದೆ. ಸುಳ್ಳು ಅವಸರ, ಕೇಳದೆ ಕಾರ್ಟಿಗೆ ತುರುಕುವುದು, ಇಂಥ 13 ಬಗೆ ಹೆಸರಿಸಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲೇ ಮಾರ್ಗಸೂಚಿ ಹೊರಡಿಸಿದೆ. ಡಾರ್ಕ್ ಪ್ಯಾಟರ್ನ್ ಅನ್ನುತ್ತಾರೆ. ಮಾಡಬಾರದು ಅಂತ ಇದೆ. ಕಾನೂನು ಪಕ್ಕಕ್ಕಿಡಿ, ಮೊದಲ ಸಲ ನನ್ನನ್ನು ಹೆದರಿಸಿ ಕೊಳ್ಳುವ ಹಾಗೆ ಮಾಡಿದ ಅಂಗಡಿಗೆ ನಾನು ಯಾಕೆ ಮತ್ತೆ ಬರಲಿ?

ರಿವ್ಯೂ ನೋಡಿದೆ, ಎಲ್ಲ ಐದು ಸ್ಟಾರ್. ಎಲ್ಲದರಲ್ಲೂ ‘ತುಂಬಾ ಚೆನ್ನಾಗಿದೆ, ವೇಗದ ಡೆಲಿವರಿ’. ಇದನ್ನು ನಂಬುವುದಕ್ಕೆ ಆಗುವುದಿಲ್ಲ. ನಾನು ಯಾವುದೇ ಸಾಮಾನಿಗೆ ಮೊದಲು ಓದುವುದು ಎರಡು ಮತ್ತು ಮೂರು ಸ್ಟಾರ್ ರಿವ್ಯೂ. ಒಂದು ಸ್ಟಾರ್ ಕೊಡುವವರು ಸಿಟ್ಟಿನಲ್ಲಿರುತ್ತಾರೆ, ಐದು ಕೊಡುವವರು ಡಬ್ಬ ಬಿಚ್ಚಿದ ಖುಷಿಯಲ್ಲಿರುತ್ತಾರೆ. ಮಧ್ಯದವರು ಬಳಸಿ ನೋಡಿ ಬರೆದಿರುತ್ತಾರೆ. ಬಂದ ದೂರಿಗೆ ಅಂಗಡಿಯವರು ಕೆಳಗೆ ಏನು ಉತ್ತರ ಕೊಟ್ಟಿದ್ದಾರೆ ಅಂತಲೂ ನೋಡುತ್ತೇನೆ. ‘ನಿಮ್ಮ ಅನಿಸಿಕೆ ನಮಗೆ ಮುಖ್ಯ’ ಅಂತ ಇದ್ದರೆ ಅಲ್ಲಿಂದ ಎದ್ದೆ. ‘ಆ ಬ್ಯಾಚಿನಲ್ಲಿ ಪಿನ್ ಸಡಿಲ ಇತ್ತು, ಬದಲಾಯಿಸಿ ಕೊಟ್ಟೆವು’ ಅಂತ ಇದ್ದರೆ ಕೊಳ್ಳುತ್ತೇನೆ.

ನೋ ಕಾಸ್ಟ್ ಇಎಂಐ ಅಂತ ದೊಡ್ಡದಾಗಿ ಹಾಕಿದ್ದೀರಿ. ಬಡ್ಡಿಯಷ್ಟು ದುಡ್ಡನ್ನು ಡಿಸ್ಕೌಂಟ್ ಅಂತ ಕಳೆಯುತ್ತಾರೆ, ಸರಿ. ಆದರೆ ಆ ಬಡ್ಡಿ ಮೇಲೆ ಬ್ಯಾಂಕ್ 18 ಪರ್ಸೆಂಟ್ ಜಿಎಸ್‌ಟಿ ಹಾಕುತ್ತದೆ, ಎಷ್ಟೋ ಬ್ಯಾಂಕಿನವರು ಪ್ರೊಸೆಸಿಂಗ್ ಫೀ ಅಂತಲೂ ಹಾಕುತ್ತಾರೆ. ಸ್ಟೇಟ್‌ಮೆಂಟ್ ಬಂದಾಗ ಜನ ನಿಮ್ಮನ್ನೇ ಬೈಯುತ್ತಾರೆ. ಪಕ್ಕದಲ್ಲಿ ಒಂದು ಸಾಲು ಬರೆದರೆ ಏನು ಕಷ್ಟ?

ಒಳ್ಳೆಯದೂ ಇದೆ. ಪೂರ್ತಿ ಕನ್ನಡದಲ್ಲಿದೆ, ಗೂಗಲ್ ಟ್ರಾನ್ಸ್‌ಲೇಟ್ ಕನ್ನಡ ಅಲ್ಲ, ನಿಜವಾದ ಕನ್ನಡ. ಅದನ್ನು ಮಾತ್ರ ಬಿಡಬೇಡಿ. ನಮ್ಮ ಅಮ್ಮ ವಾಟ್ಸಾಪ್‌ನಲ್ಲಿ ವಾಯ್ಸ್ ಮೆಸೇಜ್ ಕಳಿಸಿಯೇ ಮಿಕ್ಸಿ ಜಾರ್ ತರಿಸಿಕೊಳ್ಳುತ್ತಾರೆ, ಆ ಅಂಗಡಿಯವರೂ ವಾಯ್ಸ್‌ನಲ್ಲೇ ಉತ್ತರ ಕೊಡುತ್ತಾರೆ. ಅಮ್ಮನಿಗೆ ಬೇರೆ ಯಾವ ಆ್ಯಪ್ಪೂ ಬೇಡ.

ಐಜಿ ರಸ್ತೆ ಅಂಗಡಿಯವ

ಆ ಎರಡು ಮಾತ್ರ, ಗಡಿಯಾರ ಎಲ್ಲ ವೆಬ್‌ಸೈಟ್ ಮಾಡಿಕೊಟ್ಟವರ ಟೆಂಪ್ಲೇಟ್‌ನಲ್ಲೇ ಬರುವುದು. ದೊಡ್ಡವರೂ ಹಾಕುತ್ತಾರೆ, ಅವರ ಹತ್ತಿರ ಜನ ಹೋಗುತ್ತಲೇ ಇದ್ದಾರಲ್ಲ?

ಬೇಲೂರು ವರ್ಕ್ ಫ್ರಂ ಹೋಮ್

ಹೋಗುವುದು ಗಡಿಯಾರ ನೋಡಿ ಅಲ್ಲ. ಅಲ್ಲಿ ಹಳೆ ಆರ್ಡರ್ ಎಲ್ಲ ಒಂದೇ ಕಡೆ ಸಿಗುತ್ತದೆ, ಅಡ್ರೆಸ್ ಸೇವ್ ಆಗಿದೆ, ರಿಟರ್ನ್ ಬಟನ್ ಒತ್ತಿದರೆ ಯಾರ ಹತ್ತಿರವೂ ಜಗಳ ಆಡಬೇಕಾಗಿಲ್ಲ, ದುಡ್ಡು ಯಾವ ದಿನ ಬರುತ್ತದೆ ಅಂತ ತಾರೀಖು ತೋರಿಸುತ್ತದೆ. ನೀವು ಅವರಿಂದ ಗಡಿಯಾರ ಕಲಿತಿದ್ದೀರಿ, ರಿಟರ್ನ್ ಬಟನ್ ಕಲಿತಿಲ್ಲ. ನಿಮ್ಮ ರಿಟರ್ನ್ ಪೇಜಿನಲ್ಲಿ ಏನಿದೆ ಗೊತ್ತಾ? ‘ಮಾರಿದ ಸಾಮಾನು ವಾಪಸ್ ಇಲ್ಲ’ ಅಂತ ಒಂದೇ ಸಾಲು.

ನಿವೃತ್ತ ಗುಮಾಸ್ತ

ಆ ಒಂದು ಸಾಲಿನ ಬಗ್ಗೆ. ಅದು ನಡೆಯುವುದಿಲ್ಲ ಸ್ವಾಮಿ.

2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ ಸಾಮಾನು ದೋಷ ಇದ್ದರೆ, ನಕಲಿ ಆಗಿದ್ದರೆ, ವೆಬ್‌ಸೈಟ್‌ನಲ್ಲಿ ತೋರಿಸಿದ ಹಾಗೆ ಇಲ್ಲದಿದ್ದರೆ ಅಥವಾ ಹೇಳಿದ ದಿನ ದಾಟಿ ಬಂದರೆ ವಾಪಸ್ ತಗೊಳ್ಳುವುದಿಲ್ಲ, ದುಡ್ಡು ಕೊಡುವುದಿಲ್ಲ ಅನ್ನುವ ಹಾಗಿಲ್ಲ. ನೆರೆ, ಭೂಕುಸಿತದಂಥ ಕೈಮೀರಿದ ಕಾರಣಕ್ಕೆ ತಡವಾದರೆ ಬೇರೆ ಮಾತು. ದೂರಿಗೆ ಒಬ್ಬ ಅಧಿಕಾರಿ ಇರಬೇಕು, ಆತ 48 ಗಂಟೆಯೊಳಗೆ ದೂರು ಬಂದಿದೆ ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಪರಿಹರಿಸಬೇಕು. ಮೊದಲೇ ಟಿಕ್ ಹಾಕಿಟ್ಟು ಒಪ್ಪಿಗೆ ಅನ್ನುವುದನ್ನೂ ಅದೇ ನಿಯಮ ಒಪ್ಪುವುದಿಲ್ಲ. ಗಿರಾಕಿ 1915ಕ್ಕೆ ಫೋನ್ ಮಾಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಗಿರಾಕಿ ತಾನು ವಾಸ ಇರುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು, ಬೆಂಗಳೂರಿಗೆ, ದೆಹಲಿಗೆ ಅಲೆಯಬೇಕಾಗಿಲ್ಲ. 5 ಲಕ್ಷದವರೆಗಿನ ಸಾಮಾನಿಗೆ ಶುಲ್ಕವೂ ಇಲ್ಲ.

ಕಾನೂನು ತೋರಿಸಿದರೆ ಗಿರಾಕಿ ಬರುತ್ತಾನೆ ಅಂತ ನಾನು ಹೇಳುತ್ತಿಲ್ಲ. ಆದರೆ ಈ ನಿಯಮ ಗೊತ್ತಿರುವವರು ನಿಮ್ಮ ಆ ಸಾಲು ಓದಿದ ತಕ್ಷಣ ನಿಮ್ಮ ಬಗ್ಗೆ ಏನು ಅಂದುಕೊಳ್ಳುತ್ತಾರೆ ಯೋಚಿಸಿ. ಗೊತ್ತಿಲ್ಲದವರು ಹೆದರಿ ಕೊಳ್ಳುವುದೇ ಇಲ್ಲ.

ಕಮ್ಮಿ ರೇಟು, ಹಾಸನ

ಇಷ್ಟೆಲ್ಲ ಓದಿ ನನಗೂ ಒಂದು ನೆನಪಾಯಿತು. 2025ರ ಸೆಪ್ಟೆಂಬರ್‌ನಲ್ಲಿ 43 ಇಂಚಿನ ಟಿವಿ ನೋಡುತ್ತಿದ್ದೆ. ಇಲ್ಲೇ ಬಿ.ಎಂ. ರಸ್ತೆ ಕಡೆಯ ಒಂದು ಅಂಗಡಿಯವರಿಗೆ ಆನ್‌ಲೈನ್ ಪೇಜ್ ಇದೆ, ಅಲ್ಲಿ ಮೆಸೇಜ್ ಹಾಕಿದೆ. ‘22ನೇ ತಾರೀಖಿನವರೆಗೆ ಕಾಯಿರಿ, 32 ಇಂಚಿಗಿಂತ ದೊಡ್ಡ ಟಿವಿಗೆ ಜಿಎಸ್‌ಟಿ 28ರಿಂದ 18ಕ್ಕೆ ಇಳಿಯುತ್ತದೆ’ ಅಂತ ಉತ್ತರ ಬಂತು. ಪೇಪರಿನಲ್ಲೂ ಬಂದಿತ್ತು, ನಾನು ಟಿವಿಗೂ ಇದೆ ಅಂತ ಗಮನಿಸಿರಲಿಲ್ಲ. ಅವರು ಆವತ್ತೇ ಮಾರಿ ಕೈ ತೊಳೆದುಕೊಳ್ಳಬಹುದಿತ್ತು. 22 ಆದ ಮೇಲೆ ಬೇರೆ ಕಡೆ ಇನ್ನೂ ಸ್ವಲ್ಪ ಕಮ್ಮಿ ಇತ್ತು, ಆದರೂ ಅವರ ಹತ್ತಿರವೇ ತಗೊಂಡೆ. ಯಾಕೆ ಅಂತ ಕೇಳಬೇಡಿ, ನನ್ನ ಮರ್ಯಾದೆ ಪ್ರಶ್ನೆ.

ಐಜಿ ರಸ್ತೆ ಅಂಗಡಿಯವ

ಸರಿ, ಕೆಲವು ವಿಷಯ ಒಪ್ಪುತ್ತೇನೆ, ಕೆಲವು ಇನ್ನೂ ಅರಗುತ್ತಿಲ್ಲ. ಬಿಲ್ ಪಿಡಿಎಫ್, ಸೀರಿಯಲ್ ನಂಬರ್, ಸಿಡಿಲಿನ ಚೀಟಿ, ಬಸ್ ಪಾರ್ಸೆಲ್, ಇವು ನಾಳೆಯಿಂದಲೇ ಆಗುತ್ತದೆ. ದೋಷ ಇದ್ದರೆ ವಾಪಸ್ ಅನ್ನುವುದೂ ಸರಿ. ಆದರೆ ದೋಷ ಇಲ್ಲದೆ, ಸುಮ್ನೆ ಬಣ್ಣ ಹಿಡಿಸಲಿಲ್ಲ ಅಂತ ಬಾಳೆಹೊನ್ನೂರಿನಿಂದ ವಾಪಸ್ ಬರುವ ಹೆಡ್‌ಫೋನ್ ಸಾಗಣೆ ನಾನು ಕೊಟ್ಟರೆ ಲಾಭ ಎಲ್ಲಿಂದ? ದೊಡ್ಡವರು ಆ ನಷ್ಟ ತಡೆದುಕೊಳ್ಳುತ್ತಾರೆ, ನಾನು ತಡೆದುಕೊಳ್ಳುವುದಿಲ್ಲ.

ಸಾಲ್ಡರಿಂಗ್ ಐರನ್, ಹಾಸನ

ಕೊಡಬೇಡಿ. ಯಾರೂ ಕೊಡಿ ಅಂತ ಹೇಳಿಲ್ಲ. ‘ಕೆಟ್ಟಿದ್ದರೆ ಸಾಗಣೆ ನಮ್ಮದು, ಮನಸ್ಸು ಬದಲಾದರೆ ಸಾಗಣೆ ನಿಮ್ಮದು’ ಅಂತ ಆರ್ಡರ್ ಬಟನ್ನಿನ ಮೇಲೆಯೇ ಬರೆಯಿರಿ. ಜನಕ್ಕೆ ನಿಯಮ ಗಟ್ಟಿ ಇದ್ದರೆ ತೊಂದರೆ ಇಲ್ಲ, ಆಮೇಲೆ ಗೊತ್ತಾದರೆ ತೊಂದರೆ. ಮತ್ತೆ ಕಳಿಸುವ ಮುಂಚೆ ಒಂದೇ ಒಂದು ಪ್ರಶ್ನೆ ಕೇಳಿದರೆ ಅರ್ಧ ವಾಪಸಾತಿ ನಿಲ್ಲುತ್ತದೆ ಅನ್ನುವುದು ನನ್ನ ಅಂದಾಜು. ಎಲ್ಲ ಸಾಮಾನಿಗೂ ಬೇಡ. ಇನ್ವರ್ಟರಿಗೆ ‘ಮನೆಯಲ್ಲಿ ಏನೇನು ಓಡಬೇಕು’, ಕ್ಯಾಮೆರಾಗೆ ‘ಎಷ್ಟು ದೂರ’, ವಾಲ್ ಮೌಂಟಿಗೆ ‘ಟಿವಿ ಮಾಡೆಲ್ ಯಾವುದು’. ಅಂಗಡಿಗೆ ಬಂದವರಿಗೆ ನೀವು ಹೇಗೂ ಕೇಳುತ್ತೀರಲ್ಲ, ವೆಬ್‌ಸೈಟ್‌ನಲ್ಲಿ ಬಂದವರಿಗೆ ಮಾತ್ರ ಯಾಕೆ ಕೇಳುವುದಿಲ್ಲ?

ಕಳಸದ ಟೀಚರ್

ಚರ್ಚೆ ಮಧ್ಯೆ ಬರುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ. ಕರೆಂಟ್ ಹೋದಾಗ ವೈಫೈ ನಿಲ್ಲಬಾರದು, ಅದಕ್ಕೆ ರೌಟರಿಗೆ ಹಾಕುವ ಸಣ್ಣ ಯುಪಿಎಸ್ ಅಂಗಡಿಯವರ ಹತ್ತಿರ ಇದೆಯಾ? ಹೋದ ಸಲ ಬೇರೆ ಕಡೆಯಿಂದ ತರಿಸಿದ್ದು ಕೂರಲೇ ಇಲ್ಲ. ಕಳಸ ಬಸ್ ಸ್ಟ್ಯಾಂಡಿಗೆ ಕಳಿಸಿದರೆ ಸಾಕು.

ಐಜಿ ರಸ್ತೆ ಅಂಗಡಿಯವ

ಇದೆ ಮೇಡಂ. ರೌಟರ್ ಅಡಾಪ್ಟರ್ ಮೇಲಿನ ಲೇಬಲ್ ಫೋಟೋ ಕಳಿಸಿ. 12 ವೋಲ್ಟ್ ಅಂತ ಇದೆಯಾ 9 ಅಂತ ಇದೆಯಾ, ಆಂಪಿಯರ್ 1 ಅಥವಾ 2, ಅದನ್ನು ನೋಡಿ ಹೇಳುತ್ತೇನೆ. ನೋಡದೆ ಕಳಿಸುವುದಿಲ್ಲ. ಫೈಬರ್ ಇಂಟರ್ನೆಟ್ ಆಗಿದ್ದು ಮೋಡೆಮ್ ಬೇರೆ, ರೌಟರ್ ಬೇರೆ ಇದ್ದರೆ ಎರಡಕ್ಕೂ ಕರೆಂಟ್ ಬೇಕಾಗುತ್ತದೆ, ಅದೂ ಹೇಳಿ.

ಸಾಲ್ಡರಿಂಗ್ ಐರನ್, ಹಾಸನ

ಪಿನ್ ಫೋಟೋ ಕೂಡ ಕೇಳಿ. ಹೊರಗಿನ ಅಳತೆ ಸಾಮಾನ್ಯವಾಗಿ 5.5 ಮಿಲಿಮೀಟರ್ ಒಂದೇ ಇರುತ್ತದೆ, ಒಳಗಿನದು 2.1 ಮತ್ತು 2.5 ಅಂತ ಎರಡು ಥರ. ಹೋದ ಸಲ ಅವರಿಗೆ ಕೂರದೇ ಇದ್ದದ್ದು ಅದೇ ಇರಬೇಕು. ಎರಡೂ ಪಿನ್ ಕೊಡುವ ಮಾಡೆಲ್ ಬರುತ್ತದೆ, ಅದನ್ನೇ ಕೊಡಿ.